ಹಿಂದಿನ ಸಾಲಿನ ಚೀಟಿ

ಶನಿವಾರ ಬೆಳಿಗ್ಗೆ ವೇದಾವತಿ ಮೇಡಂ ಮನೆಯ ಗೇಟು ಕಿರುಗುಟ್ಟಿದಾಗ ತಿಪ್ಪೇಶ್ ಎರಡನೇ ಲೋಟ ಕಾಫಿ ಹಿಡಿದು, ಹಿಂದಿನ ದಿನ ತಾನೊಬ್ಬ ಅಪರಾಧಿಯನ್ನು ಪತ್ತೆ ಹಚ್ಚಿದ ಬಗೆಯನ್ನು ಸವಿಸ್ತಾರವಾಗಿ ವರ್ಣಿಸುತ್ತಿದ್ದ. ಎದ್ದು ಹೋಗಿ ಬಾಗಿಲು ತೆಗೆದರೆ ಆ ಅಪರಾಧಿಯೇ ಹೊಸ್ತಿಲಲ್ಲಿ ನಿಂತಿದ್ದ.

"ಮೇಡಂ ಇದಾರಾ?" ಎಂದ ರಂಗೇಶ್. ಕಣ್ಣು ಕೆಂಪಗಿದ್ದವು. ತಿಪ್ಪೇಶನ ಮುಖ ನೋಡದೆ ಅವನ ಭುಜದ ಮೇಲಿಂದ ಒಳಗೆ ನೋಡಿದ.

ಮಧುಗಿರಿಯಲ್ಲಿ ಪೊಲೀಸರಿಗೆ ಹೇಳಿಕೊಳ್ಳಲಾಗದಂಥದ್ದು ಏನಾದರೂ ಆದರೆ ಜನ ವೇದಾವತಿ ಮೇಡಂ ಮನೆಗೆ ಬರುತ್ತಾರೆ. ಮೂವತ್ತೊಂದು ವರ್ಷ ಕಾಲೇಜಿನ ಲೈಬ್ರೇರಿಯನ್ ಆಗಿದ್ದವರು. ಪುಸ್ತಕದಿಂದ ಹಾಳೆ ಕಿತ್ತವನನ್ನು ಅವನ ಉಗುರು ನೋಡಿಯೇ ಹಿಡಿದದ್ದು, ಸನ್ಮಾನದ ಶಾಲು ಕದ್ದವರು ಸನ್ಮಾನಿತರೇ ಎಂದು ತೋರಿಸಿಕೊಟ್ಟದ್ದು ಊರಿಗೆಲ್ಲ ಗೊತ್ತು. ನಿವೃತ್ತರಾದ ಮೇಲೆ ಮಹಡಿಯ ಮೇಲಿನ ಕೋಣೆಯನ್ನು ಕನ್ನಡದ ಅತಿಥಿ ಉಪನ್ಯಾಸಕ ತಿಪ್ಪೇಶನಿಗೆ ಬಾಡಿಗೆಗೆ ಕೊಟ್ಟಿದ್ದರು. ತಿಪ್ಪೇಶನ ಪಿಎಚ್‌ಡಿ ಏಳನೇ ವರ್ಷದಲ್ಲಿ ತೆವಳುತ್ತಿತ್ತು. ಆದ್ದರಿಂದ ಮೇಡಂ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪತ್ತೇದಾರಿಗೆ ಹೋಗಲು ಅವನಿಗೆ ಬೇಕಾದಷ್ಟು ಬಿಡುವಿತ್ತು.

"ನಿಜಂಗಾ ಮೇಡಂ, ಆ ಚೀಟಿ ನಾನು ಬರೆದಿಲ್ಲ," ಎಂದ ರಂಗೇಶ್, ಕುರ್ಚಿಯ ತುದಿಯಲ್ಲಿ ಕೂತು. ಪಾವಗಡದವನು. ಸಂಕಟ ಬಂದರೆ ಅವನ ಕನ್ನಡದೊಳಕ್ಕೆ ತೆಲುಗು ತಾನಾಗಿಯೇ ನುಗ್ಗುತ್ತಿತ್ತು. "ದೇವುಡಿ ಮೇಲೆ ಒಟ್ಟು. ಫಸ್ಟ್ ಬಸ್ಸಿಗೆ ಬಂದೆ. ಸೋಮವಾರ ಹನ್ನೊಂದಕ್ಕೆ ಪ್ರಿನ್ಸಿಪಾಲರು ಯೂನಿವರ್ಸಿಟಿಗೆ ಕಂಪ್ಲೇಂಟ್ ಕಳಿಸ್ತಾರಂತೆ, ಜಾತಿ ಎತ್ತಿ ಬೈದವನು ನಾನೇ ಅಂತ. ಅದು ಹೋಗ್ಲಿ ಮೇಡಂ. ಗಂಗಾಲಕ್ಷ್ಮಿ ಸಂಶೋಧನೆ ಬಿಡ್ತೀನಿ ಅಂತ ಪತ್ರ ಬರೆದು ಕೊಟ್ಟಿದಾಳೆ. ಅದೂ ಸೋಮವಾರವೇ ಹೋಗುತ್ತೆ. ನನ್ನಿಂದ ಅವಳು ಬಿಟ್ಟಳು ಅಂತ ಜೀವನಪೂರ್ತಿ ಹೆಸರು ಬಂದ್ರೆ ನಾನು ಹೆಂಗೆ ತಲೆ ಎತ್ತಲಿ?"

ತಿಪ್ಪೇಶ್ ಗಂಟಲು ಸರಿಮಾಡಿಕೊಂಡ. ರಂಗೇಶನ ಹೆಸರನ್ನು ವಾಟ್ಸಾಪ್ ಗ್ರೂಪಿನಲ್ಲಿ ಮೊದಲು ಹಾಕಿದವನು ಅವನೇ.

"ನಡೆದದ್ದು ನಡೆದ ಹಾಗೆ ಹೇಳು ತಿಪ್ಪೇಶ," ಎಂದರು ಮೇಡಂ. "ನಿನ್ನ ತೀರ್ಮಾನ ಬೇಡ."

ಶುಕ್ರವಾರ ಕಾಲೇಜಿನ ಮೇಲಂತಸ್ತಿನ ಹಾಲಿನಲ್ಲಿ ಸಂಶೋಧನಾರ್ಥಿಗಳ ಸೆಮಿನಾರ್ ಇತ್ತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದಿಂದ ಹನ್ನೊಂದು ಜನ ತಮ್ಮ ಪಿಎಚ್‌ಡಿ ಕೆಲಸವನ್ನು ಮಂಡಿಸುವವರಿದ್ದರು. ಸಂಚಾಲಕ ತಿಪ್ಪೇಶ್. ಅವನ ಪಾಡು ಹೇಳತೀರದು. ಬ್ಯಾನರಿನಲ್ಲಿ ಮುಖ್ಯ ಅತಿಥಿಯ ಹೆಸರು ತಪ್ಪಾಗಿತ್ತು, ಮೈಕು ಕೂಗಿಕೊಳ್ಳುತ್ತಿತ್ತು, ಕುರ್ಚಿ ತುಂಬಿಸಲು ಕರೆತಂದ ಬಿ.ಎ. ಹುಡುಗರು ಊಟದ ವಾಸನೆ ಹಿಡಿದು ಕೆಳಕ್ಕಿಳಿಯುತ್ತಿದ್ದರು. ಊಟದ ಕಡೆಯವನೊಬ್ಬ ಪಂಚೆ ಉಟ್ಟು, ಹೆಗಲಿಗೆ ಟವೆಲ್ಲು ಹಾಕಿಕೊಂಡು ಮೆಟ್ಟಿಲ ಬಳಿ ಸುಮ್ಮನೆ ನಿಂತಿದ್ದ. ಅವನನ್ನೂ ಗದರಿಸಿ ನೀರಿನ ಕ್ಯಾನು ಹೊರಿಸಬೇಕಾಯಿತು. ಇದರ ನಡುವೆ ಪ್ರತಿ ಕುರ್ಚಿಯ ಮೇಲೂ ಒಂದೊಂದು ಫಾರಂ ಇಡಬೇಕಿತ್ತು.

ಆ ಫಾರಂ ಅವರ ಸೆಮಿನಾರಿನ ವಾಡಿಕೆ. ಹೆಸರು, ಸಂಸ್ಥೆ, ಕಂಡ ಲೋಪ, ಸಲಹೆ ಎಂದು ನಾಲ್ಕು ಖಾನೆ. ಮಂಡನೆ ಮುಗಿದ ಮೇಲೆ ಚೀಟಿಗಳು ಹಿಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿ ಮುಂದಕ್ಕೆ ಬರುತ್ತವೆ. ಅಧ್ಯಕ್ಷರು ಅಲ್ಲೇ ಗಟ್ಟಿಯಾಗಿ ಓದುತ್ತಾರೆ, ಮಂಡಿಸಿದವರು ಅಲ್ಲೇ ಉತ್ತರ ಹೇಳಬೇಕು. ಟೀಕೆ ಕೇಳಿ ಕಲಿಯಲಿ ಎಂಬುದು ಉದ್ದೇಶ. ಹೆಸರು ಬರೆಯುವ ಧೈರ್ಯ ಹೆಚ್ಚಿನವರಿಗೆ ಇರುವುದಿಲ್ಲ.

ಊಟವಾದ ಮೇಲೆ ಗಂಗಾಲಕ್ಷ್ಮಿಯ ಸರದಿ. ಸಿರಾ ತಾಲ್ಲೂಕಿನ ತಾವರೆಕೆರೆ ಹತ್ತಿರದ ಹಟ್ಟಿಯವಳು, ಕುರಿ ಸಾಕುವವರ ಮಗಳು. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಓದಿದವಳು. ಕುರಿಗಾಹಿಗಳು ಮಂದೆಯನ್ನು ಕರೆಯುವ, ತಿರುಗಿಸುವ, ನಿಲ್ಲಿಸುವ ಕೂಗುಗಳು ಅವಳ ವಿಷಯ. ಮೊಬೈಲಿನಿಂದ "ತುರ್‍ರ್... ಹೋಯ್" ಎಂಬ ಒಂದು ಕೂಗನ್ನು ಕೇಳಿಸಿ, ಇದು ಮಂದೆಯನ್ನು ನೀರಿಗೆ ಕರೆಯುವ ಕೂಗು ಎಂದಳು. ಹುಡುಗರು ನಕ್ಕರು. ಅವಳು ತಡವರಿಸಿ ಮುಗಿಸಿದಳು.

ಅಧ್ಯಕ್ಷತೆ ವಹಿಸಿದ್ದವರು ಅವಳ ಗೈಡ್ ಆದ ಪ್ರೊಫೆಸರ್ ಗೌರೀಶ್. ಎರಡು ಚೀಟಿ ಓದಿ ಮೂರನೆಯದನ್ನು ಎತ್ತಿಕೊಂಡು, ಓದುವ ಭರದಲ್ಲಿ ಓದಿಯೇಬಿಟ್ಟರು: "ಅಟ್ಟಿ. ಓಗಿ ಕುರಿ ಕಾಯ್ಲಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಇವಳನ್ನು ಇಲ್ಲಿಂದ ಅಟ್ಟಿ, ಹೋಗಿ ಕುರಿ ಕಾಯಲಿ. ಓದು ಹತ್ತದ ಮಕ್ಕಳಿಗೆ ಮೇಷ್ಟರುಗಳು ಬೈಯುವ ಮಾತು ಅದು. ಕುರಿ ಕಾಯುವವರ ಮಗಳ ಮುಖಕ್ಕೆ ಅದನ್ನೇ ಎಸೆದಿದ್ದರು. ಗಂಗಾಲಕ್ಷ್ಮಿ ಹಾಳೆಗಳನ್ನು ಅಲ್ಲೇ ಬಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕದ ಬಾಗಿಲಿನಿಂದ ಓಡಿಹೋದಳು.

"ಈಗ ನಿನ್ನ ತೀರ್ಮಾನ ಹೇಳು," ಎಂದರು ಮೇಡಂ.

ತಿಪ್ಪೇಶ್ ರಂಗೇಶನನ್ನು ನೋಡದೆ ಹೇಳಿದ. ಮೊದಲನೆಯದು, ಕೊರಟಗೆರೆಯ ಸೆಮಿನಾರಿನಲ್ಲಿ ಅವಳ ಕೆಲಸ ಸಾಲದು ಎಂದು ಎದ್ದು ನಿಂತು ವಾದಿಸಿದ್ದವನು ಇವನೊಬ್ಬನೇ. ಎರಡನೆಯದು, ಅಲ್ಲಿ ಅವಳು ಗಾಬರಿಯಲ್ಲಿ 'ಹೋಗಿ' ಅನ್ನುವ ಕಡೆ 'ಓಗಿ' ಅಂದಾಗ ನಕ್ಕವರಲ್ಲಿ ಇವನೂ ಇದ್ದ. ಚೀಟಿಯಲ್ಲೂ 'ಓಗಿ' ಎಂದೇ ಇದೆ, ಅವಳನ್ನು ಅಣಕಿಸಲು. ಮೂರನೆಯದು, ಅಕ್ಷರ ಸೊಟ್ಟಸೊಟ್ಟಗಿದೆ. ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದದ್ದು.

"ನಕ್ಕಿದ್ದೆ ಮೇಡಂ," ಎಂದ ರಂಗೇಶ್ ಮೆಲ್ಲಗೆ. "ಅದಕ್ಕೆ ನನಗೆ ಸಿಗ್ಗು ಐತೆ. ನಮ್ಮ ತೆಲುಗಿಗೆ ಎಷ್ಟು ಜನ ನಕ್ಕಿಲ್ಲ, ಆದ್ರೂ ನಕ್ಕೆ."

ಮೇಡಂ ತಿಪ್ಪೇಶನ ಮೊಬೈಲ್ ಕೇಳಿದರು. ಸೆಮಿನಾರಿನ ವಿಡಿಯೋ ಅದರಲ್ಲಿತ್ತು. ಕೂಗು ಬರುವ ಜಾಗಕ್ಕೆ ತಂದು ರಂಗೇಶನಿಗೆ ಕೇಳಿಸಿದರು. "ಇದು ಯಾವ ಕೂಗಪ್ಪ?"

"ನೀರಿಗೆ ಕರೆಯೋದು. ಅವಳೇ ಹೇಳಿದ್ಲಲ್ಲ."

"ಸರಿಯಾಗಿ ಹೇಳಿದ್ಲಾ?"

"ಅದು ನನಗೇನು ಗೊತ್ತು ಮೇಡಂ? ನನ್ನದು ಗಡಿನಾಡಿನ ಮದುವೆ ಹಾಡು. ನಮ್ಮಪ್ಪ ಟೈಲರ್. ಕೆರೆ ಹತ್ರ ಕೂಗಿದಾರೆ, ನೀರಿಗೇ ಇರಬೇಕು. ಅರ್ಧ ಗಂಟೆ ರೆಕಾರ್ಡಿಂಗ್ ಸಾಲದು, ಇಡೀ ದಿನ ಅವರ ಜೊತೆ ಇರು ಅಂತ ಮಾತ್ರ ನಾನು ಕೊರಟಗೆರೆಯಲ್ಲಿ ಹೇಳಿದ್ದು."

ಅವನನ್ನು ಕಾಫಿ ಕುಡಿಸಿ ಕಳಿಸಿದ ಮೇಲೆ ತಿಪ್ಪೇಶ್ ಲಕೋಟೆಯಿಂದ ಚೀಟಿ ತೆಗೆದು ಕೊಟ್ಟ. ಮೇಡಂ ಕನ್ನಡಕ ಏರಿಸಿ ಅದನ್ನು ತುಂಬ ಹೊತ್ತು ನೋಡಿದರು. ಹೆಸರಿನ ಖಾನೆ ಖಾಲಿ. ಸಂಸ್ಥೆಯ ಎದುರು 'ಅಟ್ಟಿ'. ಕಂಡ ಲೋಪದ ಖಾನೆಯಲ್ಲಿ ಇನ್ನೂ ಸಣ್ಣ ಅಕ್ಷರದಲ್ಲಿ, 'ಕೂಗು ತಪ್ಪು. ಅದು ನೀರಿಗೆ ಕರಿಯೋದಲ್ಲ. ನೀರಿಂದ ಎಬ್ಸೋದು.' ಸಲಹೆಯ ಖಾನೆಯಲ್ಲಿ, 'ಓಗಿ ಕುರಿ ಕಾಯ್ಲಿ.'

"ಗ್ರೂಪಿಗೆ ನೀನು ಹಾಕಿದ ಫೋಟೋದಲ್ಲಿ ಕಡೆಯ ಸಾಲು ಮಾತ್ರ ಇತ್ತಲ್ಲ?"

"ಮಿಕ್ಕಿದ್ದು ಕತ್ತರಿಸಿದೆ ಮೇಡಂ. ಬೈಗುಳ ಇರೋದು ಅಲ್ಲೇ ತಾನೆ."

ಮೇಡಂ ವಿಡಿಯೋದ ಅದೇ ಜಾಗವನ್ನು ಮತ್ತೆ ಹಾಕಿದರು. ಕೂಗು, ಹುಡುಗರ ನಗು. ಮೂರನೇ ಸಲ ಹಾಕಿದಾಗ ತಿಪ್ಪೇಶನಿಗೂ ಕೇಳಿಸಿತು. ನಗುವಿನ ನಡುವೆ, ಬಹಳ ಹಿಂದಿನಿಂದ, ಯಾರೋ 'ಚೆ ಚೆ' ಎಂದು ನಾಲಿಗೆ ಲೊಚಗುಟ್ಟಿದ್ದರು.

"ಎಂಬತ್ತು ಜನ ನಕ್ಕರು. ಒಬ್ಬರು ಮಾತ್ರ ಲೊಚಗುಟ್ಟಿದರು," ಎಂದರು ಮೇಡಂ. "ಬೈಕ್ ತೆಗಿ."

ಕಾಲೇಜಿನ ಕ್ಯಾಂಟೀನಿನಲ್ಲಿ ಪಾಪಕ್ಕ ಪಾತ್ರೆ ಬೋರಲು ಹಾಕುತ್ತಿದ್ದಳು. ಸೆಮಿನಾರಿನ ಊಟ ಅವಳದೇ.

"ಬಡಿಸಾಕೆ ಎಷ್ಟು ಜನ ಇಟ್ಕಂಡಿದ್ದೆ ಪಾಪಕ್ಕ?" ಎಂದು ಕೇಳಿದರು ಮೇಡಂ.

"ಮೂರು ಜನ ಕಣಮ್ಮ. ನಾನು, ನಮ್ಮಕ್ಕನ ಮಗಳು, ನಮ್ಮತ್ತೆ. ಮೂರೂ ಹೆಂಗಸ್ರೇ. ಯಾಕ್ರಮ್ಮ, ಸಾರು ಸರಿಯಾಗಿರ್ಲಿಲ್ವಾ?"

"ಸಾರು ಚೆನ್ನಾಗಿತ್ತಂತೆ. ತಿಪ್ಪೇಶ, ನೀನು ಹೋಗಿ ಗಾಡಿ ನೆರಳಿಗೆ ಹಾಕು."

ಗಾಡಿ ನೆರಳಲ್ಲೇ ಇತ್ತು. ಆದರೂ ತಿಪ್ಪೇಶ್ ಹೋದ. ಹಿಂದಿರುಗಿ ನೋಡಿದರೆ ಪಾಪಕ್ಕ ಕಿವಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು ಮೇಡಂಗೆ ತೋರಿಸುತ್ತ ಏನೋ ಹೇಳುತ್ತಿದ್ದಳು.

ಅಲ್ಲಿಂದ ಹಾಸ್ಟೆಲ್. ಗಂಗಾಲಕ್ಷ್ಮಿಯ ಸೂಟ್‌ಕೇಸು ಮಂಚದ ಮೇಲೆ ಸಿದ್ಧವಾಗಿತ್ತು. ಮೊಬೈಲನ್ನು ಶುಕ್ರವಾರವೇ ಆಫ್ ಮಾಡಿ ಅದರೊಳಗೆ ಹಾಕಿದ್ದಳು. ತಿಪ್ಪೇಶ್ ಬಾಗಿಲಾಚೆ ವರಾಂಡದಲ್ಲೇ ನಿಂತ.

"ಆ ಚೀಟಿ ನೀನು ನೋಡಿದ್ಯಾ?" ಎಂದರು ಮೇಡಂ.

"ಯಾರೂ ತೋರಿಸ್ಲಿಲ್ಲ. ತೋರಿಸ್ಬೇಡಿ ಮೇಡಂ. ಕೇಳಿದ್ದೇ ಸಾಕು. ಹದಿನೆಂಟು ವರ್ಷ ಹಾಸ್ಟೆಲ್ಲಲ್ಲಿದ್ದು, ನನ್ನ ಮಾತು ಬದಲಾಯಿಸ್ಕೊಂಡು, ಬಟ್ಟೆ ಬದಲಾಯಿಸ್ಕೊಂಡು ಇಲ್ಲಿ ತನಕ ಬಂದೆ. ಒಂದು ಸಾಲಲ್ಲಿ ವಾಪಸ್ ಅಲ್ಲಿಗೇ ಕಳಿಸಿಬಿಟ್ರು."

"ಕೂಗು ಎಲ್ಲಿ ರೆಕಾರ್ಡ್ ಮಾಡಿದ್ದು?"

"ಪಾವಗಡದ ಕಡೆ ಒಂದು ಕೆರೆ ಅಂಗಳದಲ್ಲಿ."

"ನಿಮ್ಮ ಹಟ್ಟೀಲೇ ಕುರಿ ಇದಾವಲ್ಲ. ಅಷ್ಟು ದೂರ ಯಾಕೆ ಹೋದೆ?"

ಅವಳು ಸೂಟ್‌ಕೇಸಿನ ಕೊಂಡಿ ಮತ್ತೊಮ್ಮೆ ಒತ್ತಿದಳು. "ನಮ್ಮವರನ್ನೇ ಕೇಳಿದರೆ ವಸ್ತುನಿಷ್ಠವಾಗಿರಲ್ಲ ಅಂತ."

"ಶುಕ್ರವಾರ ಮನೆಯವರು ಯಾರಾದರೂ ಬಂದಿದ್ರಾ?"

"ಇಲ್ಲ," ಎಂದವಳು ಮುಖ ಕಿಟಕಿಯ ಕಡೆ ತಿರುಗಿಸಿದಳು. "ನಾನೇ ಬರಬೇಡಿ ಅಂದಿದ್ದೆ."

ಭಾನುವಾರ ಮೇಡಂ ತಿಪ್ಪೇಶನನ್ನು ಬಿಟ್ಟು, ಒಬ್ಬರೇ ಸಿರಾ ಬಸ್ಸು ಹತ್ತಿದರು. ಸಂಜೆ ಬಂದಾಗ ಸೀರೆಯ ಅಂಚಿಗೆಲ್ಲ ಹುಲ್ಲಿನ ಮುಳ್ಳು ಹತ್ತಿತ್ತು. ಏನು ಕೇಳಿದರೂ "ನಾಳೆ" ಎಂದು ಒಂದೊಂದೇ ಮುಳ್ಳು ಬಿಡಿಸುತ್ತ ಕೂತರು. ತಿಪ್ಪೇಶ್ ಮುನಿಸಿಕೊಂಡು ಬೇಗ ಮಲಗಿದ.

ಸೋಮವಾರ ಹತ್ತೂವರೆಗೆ ಅದೇ ಹಾಲಿನಲ್ಲಿ ಎಲ್ಲರೂ ಸೇರಿದರು. ಪ್ರಿನ್ಸಿಪಾಲರ ಮುಂದೆ ಎರಡು ಲಕೋಟೆ, ಒಂದು ರಂಗೇಶನ ಮೇಲಿನ ದೂರು, ಇನ್ನೊಂದು ಗಂಗಾಲಕ್ಷ್ಮಿ ಸಂಶೋಧನೆ ಬಿಡುವ ಪತ್ರ. ಪ್ರೊಫೆಸರ್ ಗೌರೀಶ್ ಕೈಗಡಿಯಾರ ನೋಡಿಕೊಂಡರು. ರಂಗೇಶ್ ಗೋಡೆಗೆ ಒತ್ತಿ ಕೂತಿದ್ದ. ಗಂಗಾಲಕ್ಷ್ಮಿ ಬರುವುದಿಲ್ಲವೆಂದಿದ್ದಳು. ಮೇಡಂ ಕೈ ಹಿಡಿದು ಕರೆತಂದಿದ್ದರು. ಬಾಗಿಲ ಬಳಿ ಪಾಪಕ್ಕ ನಿಂತಿದ್ದಳು.

"ಬೈಯುವವರು ಖಾನೆ ನೋಡಿ ಬೈಯುವುದಿಲ್ಲ," ಎಂದು ಮೇಡಂ ಶುರು ಮಾಡಿದರು. "ಚೀಟಿ ಸಿಕ್ಕಿದರೆ ಅಡ್ಡಡ್ಡ ಗೀಚಿ ಹೋಗುತ್ತಾರೆ. ಇದನ್ನು ಬರೆದವರು ಹಾಗೆ ಮಾಡಿಲ್ಲ. ಲೋಪದ ಖಾನೆಯಲ್ಲಿ ಲೋಪ, ಸಲಹೆಯ ಖಾನೆಯಲ್ಲಿ ಸಲಹೆ. ನಾವು ಕೇಳಿದ್ದಕ್ಕೆ ಕೇಳಿದ ಜಾಗದಲ್ಲೇ ಉತ್ತರ ಬರೆದಿದ್ದಾರೆ. ನಾನು ಲೈಬ್ರೇರಿಯಲ್ಲಿ ಸಾವಿರಾರು ಅರ್ಜಿ ನೋಡಿದವಳು. ಇಷ್ಟು ಶ್ರದ್ಧೆಯಿಂದ ಫಾರಂ ತುಂಬುವವರು ಫಾರಂ ತುಂಬಿ ಅಭ್ಯಾಸವಿಲ್ಲದವರು. ಲೋಪದ ಸಾಲನ್ನು ಗೌರೀಶ್ ಅವರು ಅವತ್ತು ಓದಲಿಲ್ಲ."

"ಸಣ್ಣ ಅಕ್ಷರ ಮೇಡಂ. ಕಾಣಲಿಲ್ಲ," ಎಂದರು ಗೌರೀಶ್.

"ಆಮೇಲೂ ಕಾಣಲಿಲ್ಲವೇ?"

ಗೌರೀಶ್ ಕನ್ನಡಕ ತೆಗೆದು ಒರೆಸಿದರು. "ಕಂಡಿತು," ಎಂದರು. "ಆ ಅಧ್ಯಾಯಕ್ಕೆ ಸರಿಯಿದೆ ಅಂತ ರುಜು ಹಾಕಿದ್ದವನು ನಾನು. ಅದಕ್ಕೇ ಅದರ ಸುದ್ದಿ ಎತ್ತಲಿಲ್ಲ."

ಮೇಡಂ ಆ ಸಾಲನ್ನು ಗಟ್ಟಿಯಾಗಿ ಓದಿದರು. ಗಂಗಾಲಕ್ಷ್ಮಿ ತಲೆ ಎತ್ತಿದಳು.

"ಇದನ್ನು ಬರೆಯಲು ಕೂಗು ಗೊತ್ತಿರಬೇಕು. ರಂಗೇಶನಿಗೆ ಕೇಳಿಸಿದೆ, ನೀರಿಗೆ ಕರೆಯುವುದೇ ಎಂದ. ಲೋಪವೇ ಗೊತ್ತಿಲ್ಲದವನು ಲೋಪ ಬರೆಯಲಾರ. ಇನ್ನು ಎಡಗೈ ಮಾತು. ಬೇಕೆಂದೇ ಕೆಡಿಸಿದ ಬರಹ ಹೋಗ್ತಾ ಹೋಗ್ತಾ ತನ್ನ ಹಳೇ ಚಾಳಿಗೆ ಬೀಳುತ್ತದೆ. ಇದು ಮೊದಲಿಂದ ಕಡೆಯವರೆಗೆ ಒಂದೇ ತರ ಇದೆ. ನಾಲ್ಕನೇ ಕ್ಲಾಸಿಗೇ ಬರಹ ನಿಂತವರ ಅಕ್ಷರ. 'ಓಗಿ' ಅಣಕವಲ್ಲ, ಅವರು ಮಾತಾಡುವುದೇ ಹಾಗೆ, ಮಾತಾಡಿದ ಹಾಗೆಯೇ ಬರೆದರು. 'ಹೋಗಿ' ಅನ್ನುವುದನ್ನು 'ಓಗಿ' ಎಂದು ಬರೆಯುವವರು 'ಅಟ್ಟಿ' ಎಂದು ಬರೆದರೆ ಅದು ಏನು ತಿಪ್ಪೇಶ?"

ತಿಪ್ಪೇಶ್ ಕನ್ನಡದಲ್ಲಿ ಎಂ.ಎ. ಮಾಡಿದ್ದ. ಏಳು ವರ್ಷದಿಂದ ಆಡುನುಡಿಯ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದ.

"ಹಟ್ಟಿ," ಎಂದ.

"ಅಟ್ಟಿ ಅಂದರೆ ಓಡಿಸಿ ಅಂತ ಅಲ್ಲ. ಸಂಸ್ಥೆ ಯಾವುದು ಅಂತ ನಾವು ಕೇಳಿದೆವು. ಹಟ್ಟಿ ಅಂದರು. ಇಷ್ಟು ಜನ ಕನ್ನಡದ ಮೇಷ್ಟರುಗಳಿದ್ದ ಹಾಲಿನಲ್ಲಿ ಒಂದು ಹಕಾರ ಹಾಕಿ ಓದಿಕೊಳ್ಳುವವರು ಒಬ್ಬರೂ ಇರಲಿಲ್ಲ. 'ಕುರಿ ಕಾಯಲಿ' ಅನ್ನೋದು ನಮ್ಮ ಬಾಯಲ್ಲಿ ಬೈಗುಳ. ಕುರಿ ಕಾಯುವವರ ಬಾಯಲ್ಲೂ ಅದು ಬೈಗುಳ ಆಗುತ್ತಾ? ರಂಗೇಶ ಕೊರಟಗೆರೆಯಲ್ಲಿ ಇಡೀ ದಿನ ಅವರ ಜೊತೆ ಇರು ಅಂದದ್ದೂ, ಇವರು ಬರೆದದ್ದೂ ಒಂದೇ ಸಲಹೆ."

ಪ್ರಿನ್ಸಿಪಾಲರು ಮೊದಲನೇ ಲಕೋಟೆಯನ್ನು ತಮ್ಮ ಫೈಲಿನ ಕೆಳಗೆ ಸರಿಸಿದರು.

"ಹಾಗಾದರೆ ಹಿಂದೆ ಕೂತು ಲೊಚಗುಟ್ಟಿದ ಹಟ್ಟಿಯವರು ಯಾರು? ಹಾಜರಿ ಪುಸ್ತಕದಲ್ಲಿಲ್ಲ, ಬಂದಿದ್ದನ್ನು ಯಾರೂ ನೋಡಿಲ್ಲ. ಆದರೆ ತಿಪ್ಪೇಶ ನೋಡಿದ್ದ. ನನಗೆ ಶನಿವಾರ ಅವನೇ ಹೇಳಿದ. ಊಟದ ಕಡೆಯವನೊಬ್ಬ ಮೆಟ್ಟಿಲ ಹತ್ತಿರ ಸುಮ್ಮನೆ ನಿಂತಿದ್ದ, ಗದರಿಸಿ ನೀರಿನ ಕ್ಯಾನು ಹೊರಿಸಿದೆ ಅಂತ. ಪಾಪಕ್ಕನ ಕಡೆ ಗಂಡಸರೇ ಇರಲಿಲ್ಲ."

ತಿಪ್ಪೇಶ್ ಮೂಲೆಯಲ್ಲಿದ್ದ ನೀರಿನ ಕ್ಯಾನಿನ ಕಡೆ ನೋಡಿದ. 'ಏನಯ್ಯಾ, ಕಂಬದ ತರ ನಿಂತಿದ್ದೀಯ, ಎತ್ತು' ಎಂದಿದ್ದ. ಆ ಮನುಷ್ಯ ಟವೆಲ್ಲನ್ನು ಸಿಂಬಿ ಸುತ್ತಿ, ಇಪ್ಪತ್ತು ಲೀಟರಿನ ಕ್ಯಾನನ್ನು ಹೊತ್ತು ಮೆಟ್ಟಿಲು ಹತ್ತಿದ್ದ. ಎರಡನೆಯದನ್ನೂ ಅವನಿಂದಲೇ ಹೊರಿಸಿದ್ದು ಈಗ ನೆನಪಾಯಿತು. ನೆಲ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದ.

"ಕ್ಯಾನ್ ಇಟ್ಟು ನನ್ ತಾವ ಬಂದು ಪೆನ್ನು ಇಸ್ಕಂಡ್ರು," ಎಂದಳು ಪಾಪಕ್ಕ ಬಾಗಿಲಿನಿಂದ. "ಗಂಗಾಲಕ್ಷ್ಮಿದು ಯಾವಾಗ ಕಣಕ್ಕ ಅಂತ ಕೇಳುದ್ರು. ಊಟ ಮಾಡಿ ಅಂದ್ರೆ ಬ್ಯಾಡ ಅಂದ್ಬುಟ್ರು. ಓಗೋವಾಗ ಪೆನ್ನು ವಾಪಸ್ ಕೊಟ್ಟೇ ಓದ್ರು. ಮಕ ಮಾತ್ರ ನೋಡಾಕಾಗ್ತಿರ್ಲಿಲ್ಲ."

ಮೇಡಂ ಚೀಟಿಯನ್ನು ಗಂಗಾಲಕ್ಷ್ಮಿಯ ಮುಂದೆ ಇಟ್ಟರು. "ನಿನಗೆ ಕೊಟ್ಟ ಅಭಿಪ್ರಾಯ ಇದು. ಮೂರು ದಿನದಿಂದ ಎಲ್ಲರೂ ಓದಿದ್ದಾರೆ, ನೀನು ಮಾತ್ರ ಓದಿಲ್ಲ."

ಅವಳು ಬಗ್ಗಿ ನೋಡಿದಳು. ನೋಡಿದ ತಕ್ಷಣ ಅವಳ ಬೆರಳು 'ಅಟ್ಟಿ' ಎಂಬ ಪದದ ಮೇಲೆ ಹೋಗಿ ನಿಂತಿತು.

"ನಮ್ಮಪ್ಪ," ಎಂದಳು. ಆಮೇಲೆ ಯಾರೂ ಕೇಳದೆಯೇ ಹೇಳತೊಡಗಿದಳು. "ಹಾಸ್ಟೆಲ್ಲಿಗೆ ಕಾರ್ಡು ಬರೀತಿತ್ತು. ಕೊನೇಲಿ 'ಇಂತಿ ಕ್ಯಾತಪ್ಪ, ಅಟ್ಟಿ' ಅಂತ. ಹುಡುಗೀರು ಓದಿ ಆಡ್ಕೊಂಡು ನಗೋರು. ಏಳನೇ ಕ್ಲಾಸಲ್ಲಿ ನಾನು ಒಂದು ಕಾರ್ಡಿಗೆ ಕೆಂಪು ಇಂಕಲ್ಲಿ ಹಕಾರ ತಿದ್ದಿ, ಸರಿಯಾಗಿ ಬರೆಯೋಕೆ ಬಂದ್ರೆ ಬರಿ ಅಂತ ವಾಪಸ್ ಕಳಿಸ್ದೆ. ಆಮೇಲೆ ಅಪ್ಪ ಬರೆಯೋದೇ ನಿಲ್ಲಿಸ್ತು." ಅವಳು ಚೀಟಿಯಿಂದ ಬೆರಳು ತೆಗೆಯಲಿಲ್ಲ. "ವಸ್ತುನಿಷ್ಠ ಅಂದಿದ್ದು ಸುಳ್ಳು ಮೇಡಂ. ನಮ್ಮ ಹಟ್ಟೀಲಿ ರೆಕಾರ್ಡ್ ಮಾಡಿದ್ರೆ ಸೆಮಿನಾರಲ್ಲಿ ನಮ್ಮಪ್ಪನ ದನಿ ಕೇಳಿಸಬೇಕಾಗಿತ್ತು. ನಾಚಿಕೆ ಆಗಿ ಪಾವಗಡದ ಕಡೆ ಹೋದೆ. ಶುಕ್ರವಾರ ಬರ್ಬೇಡ ಅಂದಿದ್ದೂ ಅದಕ್ಕೇ. ಯಾರೋ ನನ್ನ ಕುರಿಯೋರ ಮಗಳು ಅಂತ ಹೀಯಾಳಿಸಿದ್ರು ಅಂತ ಅತ್ತೆ. ಮೊದಲು ಹೀಯಾಳಿಸ್ದೋಳು ನಾನೇ."

ಪಾಪಕ್ಕ ಪಕ್ಕಕ್ಕೆ ಸರಿದಳು. ಬಾಗಿಲಲ್ಲಿ ಅದೇ ಪಂಚೆ, ಅದೇ ಟವೆಲ್ಲು. ಮೆಟ್ಟು ಹೊರಗೆ ಬಿಟ್ಟು ಕ್ಯಾತಪ್ಪ ಒಳಗೆ ಕಾಲಿಟ್ಟರು. ಮಗಳನ್ನು ನೋಡಲು ಧೈರ್ಯ ಸಾಲದೆ ಪ್ರಿನ್ಸಿಪಾಲರಿಗೆ ಕೈ ಮುಗಿದರು.

"ತಪ್ಪಾತು ಸ್ವಾಮಿ. ಬರ್ಬ್ಯಾಡ ಅಂದಿತ್ತು ಮಗ. ಆಸೆ ತಡೀನಾರ್ದೆ ಬಂದ್ಬುಟ್ಟೆ. ಕುರ್ಚಿ ಮ್ಯಾಲೆ ಕಾಗ್ದ ಇತ್ತು, ತಪ್ಪು ಕಂಡ್ರೆ ಬರೀರಿ ಅಂತ. ಎಲ್ರೂ ಬರೀತಿದ್ರು, ನಾನೂ ಬರ್ದೆ. ಅದ್ನ ಓದ್ತಿದ್ದಂಗೇ ಮಗ ಅಳ್ತಾ ಓಡೋತು. ನಾನ್ ಬಂದಿದ್ದು ತಿಳುದು ಇಂಗಾತೇನೋ, ಪರೀಕ್ಸೆ ಕೆಡಿಸ್ಬುಟ್ಟೆ ಅಂದ್ಕಂಡು ಇಂದಿನ್ ಬಾಗ್ಲಾಗೆ ಓಗ್ಬುಟ್ಟೆ. ಈ ಅಮ್ಮ ಅಟ್ಟಿಗೆ ಬಂದು ಏಳೋಗಂಟ ನಾನು ಬರ್ದಿದ್ದು ಬೈಗ್ಳ ಆಯ್ತದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಗಂಗಾಲಕ್ಷ್ಮಿ ಎದ್ದು ಅಪ್ಪನ ಹತ್ತಿರ ಹೋದಳು. ಅವರ ಟವೆಲ್ಲಿನ ತುದಿ ಹಿಡಿದು ನಿಂತಳು.

ರಂಗೇಶನ ಕಡೆ ತಿರುಗಿ ತಿಪ್ಪೇಶ್ ಮೊಬೈಲು ತೆಗೆದು ಚೀಟಿಯ ಪೂರ್ತಿ ಫೋಟೋವನ್ನು ಗ್ರೂಪಿಗೆ ಹಾಕಿದ. ಕೆಳಗೆ, 'ಮೇಲಿನ ಮೂರು ಸಾಲು ಕತ್ತರಿಸಿದ್ದು ನಾನು. ರಂಗೇಶ್ ತಪ್ಪಿಲ್ಲ. ತಪ್ಪು ನನ್ನದು' ಎಂದು ಟೈಪು ಮಾಡಿ, ಎಲ್ಲರಿಗೂ ಹೋಯಿತೆಂದು ಖಾತ್ರಿ ಮಾಡಿಕೊಂಡು ಮೊಬೈಲನ್ನು ರಂಗೇಶನಿಗೆ ತೋರಿಸಿದ. ರಂಗೇಶ್ ಓದಿ ತಲೆಯಾಡಿಸಿದ, ಮುಖ ಸಡಿಲವಾಗಲಿಲ್ಲ. ಅದೂ ನ್ಯಾಯವೇ ಎನಿಸಿತು ತಿಪ್ಪೇಶನಿಗೆ.

ಆಮೇಲೆ ಕ್ಯಾತಪ್ಪನವರ ಮುಂದೆ ಹೋಗಿ ನಿಂತ. "ಅವತ್ತು ನಾನು ನಿಮ್ಮನ್ನ..." ಎಂದು ತೊದಲಿದ.

ಕ್ಯಾತಪ್ಪ ಅವನ ಗುರುತು ಹಿಡಿದು ಮುಖ ಅರಳಿಸಿದರು. ಕಣ್ಣು ಮೂಲೆಯಲ್ಲಿದ್ದ ಕ್ಯಾನಿನ ಕಡೆ ಹೋಯಿತು. "ನೀರು ಕಾಲಿ ಆಗೈತೆ ಸ್ವಾಮಿ," ಎಂದರು. "ತಂದ್ಬುಡ್ಲಾ?"

ಆ ಮಾತಿನಲ್ಲಿ ಒಂದಿಷ್ಟೂ ಕುಹಕ ಇರಲಿಲ್ಲ. ಇದ್ದಿದ್ದರೆ ತಿಪ್ಪೇಶ್ ಹೇಗೋ ತಡೆದುಕೊಳ್ಳುತ್ತಿದ್ದ.

"ಬ್ಯಾಡಪ್ಪ, ನೀನು ಕುಂತ್ಕ," ಎಂದಳು ಗಂಗಾಲಕ್ಷ್ಮಿ. ಮೊದಲ ಬಾರಿಗೆ ಆ ಹಾಲಿನಲ್ಲಿ ಅವಳು ಹಟ್ಟಿಯ ಮಾತಾಡಿದ್ದಳು. ಅಪ್ಪನನ್ನು ಮುಂದಿನ ಸಾಲಿನ ಮೆತ್ತೆ ಕುರ್ಚಿಯಲ್ಲಿ ಕೂರಿಸಿ, ಪ್ರಿನ್ಸಿಪಾಲರ ಮುಂದಿದ್ದ ತನ್ನ ಲಕೋಟೆಯನ್ನು ವಾಪಸ್ ತೆಗೆದುಕೊಂಡಳು. ಅದರ ಬೆನ್ನ ಮೇಲೆ ಬರೆಯಲು ಪಾಪಕ್ಕನ ಪೆನ್ನು ಇಸಿದುಕೊಂಡಳು.

"ಸರ್, ನನಗೆ ಇನ್ನೂ ಆರು ತಿಂಗಳು ಬೇಕು," ಎಂದಳು ಗೌರೀಶರಿಗೆ. "ಹಟ್ಟಿಗೆ ಹೋಗ್ತೀನಿ. ಕುರಿ ಕಾಯ್ತೀನಿ."

ಗೌರೀಶ್ ತಲೆ ತಗ್ಗಿಸಿಕೊಂಡೇ ಆಗಲೆಂದರು.

"ಈಗ ಏಳಪ್ಪ. ನೀರಿಗೆ ಕರಿಯೋದು ಹೆಂಗೆ?"

"ಇಲ್ಲೇ?" ಎಂದರು ಕ್ಯಾತಪ್ಪ, ಸುತ್ತ ಕೂತ ದೊಡ್ಡವರನ್ನು ನೋಡಿ ಸಂಕೋಚದಿಂದ.

"ಇಲ್ಲೇ. ಇವ್ರೆಲ್ಲ ಕೇಳ್ಲಿ."

ತಿಪ್ಪೇಶ್ ಖಾಲಿ ಕ್ಯಾನು ಎತ್ತಿಕೊಂಡು ಕೆಳಗಿಳಿದ. ನಲ್ಲಿಯಲ್ಲಿ ತುಂಬಿಸಿ, ಹೆಗಲಿಗೇರಿಸಿ, ಮೆಟ್ಟಿಲಿನ ಅರ್ಧಕ್ಕೆ ಬರುವಾಗ ಮೇಲಿನಿಂದ ಕೂಗು ಕೇಳಿಸಿತು. ಉದ್ದಕ್ಕೆ, ತಗ್ಗಿದ ದನಿಯಲ್ಲಿ, ಮಗುವನ್ನು ಊಟಕ್ಕೆ ಕರೆದ ಹಾಗಿತ್ತು. ಯಾರೂ ನಗಲಿಲ್ಲ. ಕೂಗು ಮುಗಿಯುವವರೆಗೆ ಅವನು ಭಾರ ಹೊತ್ತುಕೊಂಡೇ ನಿಂತಿದ್ದು, ಆಮೇಲೆ ಸದ್ದಾಗದಂತೆ ಒಳಗೆ ಹೋಗಿ ಕ್ಯಾನು ಇಟ್ಟು, ಬಾಗಿಲ ಪಕ್ಕದ ಕಡೆಯ ಸಾಲಿನ ಕಡೆಯ ಕುರ್ಚಿಯಲ್ಲಿ ಕೂತುಕೊಂಡ.